ಕಾಳಿಗೆ ಇಳಿಯುವ ಮುಂಚಿನ ಅರ್ಧ ಗಂಟೆ

ದೀಪಾವಳಿ ಮುಗಿಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬೆಂಗಳೂರು, ಪುಣೆ, ಹುಬ್ಬಳ್ಳಿಯ ನೆಂಟರು, ಆ ನೆಂಟರ ಆಫೀಸಿನವರು, ಅವರ ಗೆಳೆಯರು, ಎಲ್ಲರಿಗೂ ದಾಂಡೇಲಿಗೆ ಹೋಗಬೇಕು, ರಾಫ್ಟಿಂಗ್ ಮಾಡಬೇಕು. ದಾಂಡೇಲಿ ಹತ್ತಿರದ ಗಣೇಶಗುಡಿಯ ಪವರ್ ಹೌಸಿನಲ್ಲಿ ವರ್ಷಗಟ್ಟಲೆ ಪಾಳಿ ಮಾಡಿ, ನಿವೃತ್ತಿಯಾದ ಮೇಲೆ ಧಾರವಾಡದಲ್ಲಿ ಮನೆ ಮಾಡಿದವನು ನಾನು. ಕಾಳಿ ನದಿಯ ಸುದ್ದಿ ಏನಿದ್ದರೂ ನನ್ನನ್ನೇ ಕೇಳುತ್ತಾರೆ. ಕೇಳುವುದು ಮಾತ್ರ ಹೆಚ್ಚೂಕಡಿಮೆ ಅದೇ ಮೂರು ಮಾತು. ರೂಮಿಗೆ ಎಷ್ಟು? ರಾತ್ರಿ ಕ್ಯಾಂಪ್‌ಫೈರ್ ಉಂಟಾ? ವಿಡಿಯೊ ಮಾಡಿಕೊಡುತ್ತಾರಾ? "ನೀರು ಎಷ್ಟು ಬಿಟ್ಟಾರ?" ಎಂದು ಕೇಳಿದವರು ಅಪರೂಪ. "ಬಿದ್ದರೆ ಏನು ಮಾಡಬೇಕು?" ಎಂದು ಕೇಳಿದವರು ಇನ್ನೂ ಅಪರೂಪ. ಈ ಎರಡೇ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸಿದ್ಧತೆಯ ಮುಕ್ಕಾಲು ಭಾಗ ಮುಗಿದಂತೆ ಎಂದು ನನ್ನ ಲೆಕ್ಕ. ಉಳಿದ ಕಾಲು ಭಾಗ ಬಟ್ಟೆ, ಚಪ್ಪಲಿ, ತಿಂಡಿ.

ಮೊದಲು ನೀರಿನ ವಿಷಯ. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಕಾಡಿನಲ್ಲಿ. ಅಲ್ಲಿಂದ ಕಾರವಾರದಲ್ಲಿ ಕಡಲು ಸೇರುವವರೆಗೆ ಸುಮಾರು 184 ಕಿಲೋಮೀಟರ್. ಅಷ್ಟು ದಾರಿಯಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳು. ಎಲ್ಲಕ್ಕೂ ಮೇಲಿರುವುದು 101 ಮೀಟರ್ ಎತ್ತರದ ಸೂಪಾ. ಹಳೆಯ ಸೂಪಾ ಊರು ಅದರ ಹಿನ್ನೀರಿನ ತಳದಲ್ಲಿದೆ. ಅಣೆಕಟ್ಟಿನ ಬುಡದಲ್ಲೇ ತಲಾ 50 ಮೆಗಾವಾಟಿನ ಎರಡು ಯೂನಿಟ್‌ಗಳಿವೆ. ಟರ್ಬೈನು ತಿರುಗಿಸಿ ಹೊರಗೆ ಬಂದ ನೀರೇ ಮಳೆಗಾಲ ಕಳೆದ ಮೇಲೆ ಗಣೇಶಗುಡಿಯ ಕೆಳಗಿನ ಕಾಳಿ. ಅಲ್ಲಿಂದ ಮೌಳಂಗಿಯವರೆಗಿನ 9–10 ಕಿಲೋಮೀಟರಿನಲ್ಲಿ ರಾಫ್ಟುಗಳು ಓಡುವುದು ಈ ನೀರಿನ ಮೇಲೆಯೇ. ಮಾರ್ಚ್ ಹೊತ್ತಿಗೆ ಮಲೆನಾಡಿನ ಉಳಿದ ಹೊಳೆಗಳು ಪಾದ ತೋಯುವಷ್ಟಕ್ಕೆ ಇಳಿದರೂ ಇಲ್ಲಿ ನಡುಬೇಸಿಗೆಯವರೆಗೆ ರಾಫ್ಟಿಂಗ್ ನಡೆಯುವುದಕ್ಕೆ ಇದೇ ಕಾರಣ.

ನಾವು ಡ್ಯೂಟಿಯಲ್ಲಿದ್ದಾಗ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ ಫೋನ್ ಬಂದರೆ ಯೂನಿಟ್ ಶುರು ಮಾಡುತ್ತಿದ್ದೆವು, ಸಾಕೆಂದರೆ ನಿಲ್ಲಿಸುತ್ತಿದ್ದೆವು. ಬೆಂಗಳೂರಿನವರು ಬೆಳಗ್ಗೆ ಗೀಸರ್ ಹಾಕುವುದಕ್ಕೂ ಕಾಳಿಯ ಅಲೆಯ ಎತ್ತರಕ್ಕೂ ಸಂಬಂಧವಿದೆ ಎಂದರೆ ನೆಂಟರು ನಗುತ್ತಾರೆ. ಆದರೆ ವಿಷಯ ಅಷ್ಟೇ. ಒಂದು ಯೂನಿಟ್ ಓಡಿದರೆ ಒಂದು ನದಿ, ಎರಡೂ ಓಡಿದರೆ ಇನ್ನೊಂದು ನದಿ, ಎರಡೂ ನಿಂತರೆ ಬರೀ ಕಲ್ಲು. ಆದ್ದರಿಂದ ಮುಂಗಡ ಕೊಡುವ ಮೊದಲೇ ಕೇಳಿಬಿಡಿ: ಆ ದಿನ ನೀರು ಎಷ್ಟು ಹೊತ್ತಿಗೆ ಬರುವ ನಿರೀಕ್ಷೆ ಇದೆ? ಬರದಿದ್ದರೆ ದುಡ್ಡು ವಾಪಸ್ಸಾ, ಬೇರೆ ಹೊತ್ತಾ? "ಅದೆಲ್ಲಾ ಚಿಂತಿ ಮಾಡಬ್ಯಾಡ್ರಿ ಸರ್" ಎಂಬ ಉತ್ತರ ಬಂದರೆ ನಾನಾಗಿದ್ದರೆ ಬೇರೆಯವರಿಗೆ ಫೋನ್ ಹಚ್ಚುತ್ತೇನೆ.

ನೀರು ಹೆಚ್ಚಾದಷ್ಟೂ ಅಪಾಯ ಹೆಚ್ಚು ಎಂದು ಸುಮ್ಮನೆ ಅಂದುಕೊಳ್ಳಬಾರದು. ಕಡಿಮೆ ನೀರಿನಲ್ಲಿ ಕಲ್ಲುಗಳು ತಲೆ ಎತ್ತುತ್ತವೆ, ದಾರಿ ಇಕ್ಕಟ್ಟಾಗುತ್ತದೆ, ರಾಫ್ಟ್ ಕಲ್ಲಿಗೆ ತಾಗಿ ಸಿಕ್ಕಿಕೊಳ್ಳುತ್ತದೆ. ನೀರು ಏರಿದಾಗ ಅದೇ ಕಲ್ಲು ಮುಳುಗಿ ಅದರ ಮೇಲೊಂದು ದೊಡ್ಡ ಅಲೆ ಏಳುತ್ತದೆ. ನೋಡುವುದಕ್ಕೆ ಭಯ, ದಾಟುವುದಕ್ಕೆ ಕೆಲವೊಮ್ಮೆ ಸಲೀಸು. ನಡುವಿನ ಮಟ್ಟದಲ್ಲಿ ಮಾತ್ರ ನೀರು ಕಲ್ಲಿನ ನೆತ್ತಿ ಹತ್ತಿ ಆಚೆ ಧುಮುಕಿ, ಬುಡದಲ್ಲಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಗೈಡ್‌ಗಳು ಅದನ್ನು 'ಹೋಲ್' ಎನ್ನುತ್ತಾರೆ. ಅಡ್ಡಡ್ಡಲಾಗಿ ಅದರೊಳಕ್ಕೆ ಹೋದ ರಾಫ್ಟ್ ಮಗುಚುವುದು ಹೆಚ್ಚು. ಹೋದ ವರ್ಷ ಬಂದವರು ಹೇಳಿದ ಅನುಭವ ಈ ವರ್ಷದ ನಿಮ್ಮ ಬೆಳಗಿಗೆ ಹೊಂದದೇ ಇರುವುದು ಇದರಿಂದಲೇ.

ಕಷ್ಟವನ್ನು ಅಳೆಯಲು ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯೊಂದಿದೆ. ಒಂದು ಎಂದರೆ ಹರಿಯುವ ಕೆರೆ, ಆರು ಎಂದರೆ ಹೆಚ್ಚಿನವರು ದಡದಲ್ಲೇ ನಿಂತು ನೋಡಬೇಕಾದ್ದು. ಕಾಳಿಯ ಈ ಭಾಗ ಸಾಮಾನ್ಯವಾಗಿ ಎರಡು–ಮೂರರ ನಡುವೆ. ಮೊದಲ ಸಲ ಬರುವವರಿಗೆ ಇದು ಹದವಾದ ಜಾಗ. ಅಲೆ ಇದೆ, ನಡುನಡುವೆ ಉಸಿರು ಬಿಡಲು ಶಾಂತ ನೀರೂ ಇದೆ. ಕೊಡಗಿನ ಬರಪೊಳೆಯ ಕಥೆ ತಿರುಗುಮುರುಗು. ಅದು ಮಳೆಗಾಲದ ಹೊಳೆ, ಜೋರು ಮಳೆ ಬಂದಾಗಲೇ ರಾಫ್ಟಿಂಗ್. ಕಡಿದಾದ ಇಳಿಜಾರು, ಕಾಳಿಗಿಂತ ಒರಟು. ಋಷಿಕೇಶದ ಗಂಗೆಯಲ್ಲಿ ನೀರಿನ ಗಾತ್ರವೇ ಬೇರೆ, ಚಳಿಯೂ ಬೇರೆ. ಅಲ್ಲಿ ಜುಲೈ–ಆಗಸ್ಟ್‌ನಲ್ಲಿ ರಾಫ್ಟಿಂಗ್ ಮುಚ್ಚಿರುತ್ತದೆ. ಕಾಳಿಯಲ್ಲಿ ಒಮ್ಮೆ ಕೂತು, ನಿಮ್ಮ ಧೈರ್ಯದ ಅಳತೆ ನಿಮಗೇ ಗೊತ್ತಾದ ಮೇಲೆ ಅಲ್ಲಿಗೆಲ್ಲ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನಾನು ದುಡಿದ ಜಿಲ್ಲೆಯ ಮೇಲಿನ ಪಕ್ಷಪಾತ ಇದರಲ್ಲಿ ಸ್ವಲ್ಪ ಇದೆ.

ಇನ್ನು ಯಾರ ಜೊತೆ ಹೋಗುವುದು. ಜಾಹೀರಾತಿನ ಫೋಟೊ ನೋಡಿ ತೀರ್ಮಾನ ಮಾಡಬೇಡಿ, ದಡಕ್ಕೆ ಹೋಗಿ ಅವರ ಸಾಮಾನು ನೋಡಿ. ಹೆಲ್ಮೆಟ್ ಎಲ್ಲರಿಗೂ ಇದೆಯಾ, ಗಲ್ಲದ ಪಟ್ಟಿ ಕಚ್ಚಿಕೊಳ್ಳುತ್ತದಾ? ಲೈಫ್ ಜಾಕೆಟ್‌ನ ಬಕಲ್ ಮುರಿದು ದಾರ ಕಟ್ಟಿದ್ದಾರಾ? ಎಸೆಯುವ ಹಗ್ಗದ ಚೀಲ ಗೈಡ್ ಕೈಗೆ ಸಿಗುವಂತಿದೆಯಾ? ಜೊತೆಗೆ ಕಯಾಕ್‌ನಲ್ಲಿ ರಕ್ಷಣೆಗೆ ಒಬ್ಬ ಬರುತ್ತಾನಾ, ಇಲ್ಲವೇ ಕಡೇಪಕ್ಷ ಎರಡು ರಾಫ್ಟ್ ಒಟ್ಟಿಗೆ ಹೊರಡುತ್ತವಾ? ಎಲ್ಲಕ್ಕಿಂತ ಮುಖ್ಯವಾಗಿ, ಒಂದು ರಾಫ್ಟಿಗೆ ಎಷ್ಟು ಜನ? 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿ ಮೀರಿ ಜನ ತುಂಬಿದ್ದ ರಾಫ್ಟೊಂದು ಹತೋಟಿ ತಪ್ಪಿತ್ತು. ಪಕ್ಕದ ರಾಫ್ಟಿನವರು ಬಂದು ಅದರಲ್ಲಿದ್ದವರನ್ನು ಪಾರುಮಾಡಿದರು, ವಿಡಿಯೊ ಊರೆಲ್ಲ ಹರಿದಾಡಿತು. ತೂಕ ಒಂದೇ ಅಲ್ಲ ಅಲ್ಲಿ ತೊಂದರೆ. ಅಂಚಿನಲ್ಲಿ ಕೂತವರು ಮಾತ್ರ ಹುಟ್ಟು ಹಾಕಬಲ್ಲರು, ನಡುವೆ ಕೂತವರೆಲ್ಲ ಸರಕು. ಎಂಜಿನ್ ಚಿಕ್ಕದು, ಲೋಡ್ ದೊಡ್ಡದು. "ಒಬ್ಬರು ಅಡ್ಜಸ್ಟ್ ಮಾಡ್ಕೊಳ್ರಿ" ಎಂದು ಯಾರಾದರೂ ಅಂದರೆ ಅದು ನಮ್ಮ ಟೆಂಪೊ ಅಲ್ಲವೆಂದು ಹೇಳಿ ಕೆಳಗಿಳಿಯಬೇಕು.

ಎಂಜಿನ್ ಎಂದೆ. ಅದನ್ನು ಸ್ವಲ್ಪ ಬಿಡಿಸಬೇಕು, ಜನಕ್ಕೆ ಇದೊಂದು ತಲೆಗೆ ಹೋಗುವುದಿಲ್ಲ. ಬಸ್ಸಿನಲ್ಲಿ ಕೂತಂತೆ ರಾಫ್ಟಿನಲ್ಲಿ ಕೂತರೆ ನಡೆಯುವುದಿಲ್ಲ, ಅಲ್ಲಿ ಪ್ರಯಾಣಿಕ ಎಂಬ ಜಾತಿಯೇ ಇಲ್ಲ. ಹಿಂದೆ ಕೂತ ಗೈಡ್ ದಿಕ್ಕು ತೋರಿಸುತ್ತಾನೆ, ತಳ್ಳುವ ಶಕ್ತಿ ಮುಂದೆ ಕೂತ ಆರು–ಎಂಟು ಜನರದು. ನೀರಿನ ವೇಗದಲ್ಲೇ ತೇಲುವ ದೋಣಿಯನ್ನು ಬೇಕಾದ ಕಡೆ ತಿರುಗಿಸುವುದು ಕಷ್ಟ. ನೀರಿಗಿಂತ ಸ್ವಲ್ಪ ಜೋರಾಗಿಯೋ ಸ್ವಲ್ಪ ನಿಧಾನವಾಗಿಯೋ ಚಲಿಸಿದಾಗಲೇ ಅದು ಮಾತು ಕೇಳುವುದು. ಅಲೆ ಎದುರಾದ ಕೂಡಲೇ ಎಲ್ಲರೂ ಹೆದರಿ ಹುಟ್ಟು ಎತ್ತಿ ಹಿಡಿದರೆ, ಸರಿಯಾಗಿ ಬೇಕಾದ ಹೊತ್ತಿಗೆ ಎಂಜಿನ್ ಆಫ್. ಹುಟ್ಟು ನೀರಿನಲ್ಲಿದ್ದಾಗ ಕೂತವನಿಗೂ ಒಂದು ಆಸರೆ ಸಿಗುತ್ತದೆ. ಗಾಳಿಯಲ್ಲಿ ಎತ್ತಿ ಹಿಡಿದವನೇ ಹೆಚ್ಚಾಗಿ ಬೀಳುವುದು.

ಈಗ ಮೈ. ದಡದಲ್ಲಿ ಒಂದು ಫಾರ್ಮ್ ಕೊಡುತ್ತಾರೆ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದ ಹಾಗೆ ಓದದೆ ಸಹಿ ಹಾಕಿ ಪೆನ್ನು ಮುಂದಿನವರಿಗೆ ಕೊಡುವುದು ನಮ್ಮ ಪದ್ಧತಿ. ಅದರಲ್ಲಿ ಕೇಳಿರುವುದು ನಿಮ್ಮ ಹೃದಯ, ಫಿಟ್ಸ್, ಅಸ್ತಮಾ, ಇತ್ತೀಚಿನ ಆಪರೇಷನ್, ಗರ್ಭ, ಬೆನ್ನು, ಭುಜ. ಹಿಂದೆ ಒಮ್ಮೆ ಭುಜ ಕಳಚಿದವರು ಅದನ್ನು ಹೇಳಲೇಬೇಕು. ಹುಟ್ಟು ಹಾಕುವಾಗ, ಮೇಲಕ್ಕೆ ಎಳೆಯುವಾಗ ಅದು ಮತ್ತೆ ಕಳಚಬಹುದು. ಅಸ್ತಮಾ ಇದ್ದವರ ಇನ್‌ಹೇಲರ್ ರೂಮಿನ ಬ್ಯಾಗಿನಲ್ಲಿದ್ದರೆ ಏನೂ ಉಪಯೋಗವಿಲ್ಲ, ಅದು ಗೈಡ್‌ನ ಒಣ ಚೀಲದಲ್ಲಿರಬೇಕು. ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ, "ಹೊಟ್ಟೆ ಭಾರ ಆಗ್ತದ" ಎಂದು ತಿಂಡಿ ಬಿಡುವುದು ನಾನು ಹೆಚ್ಚಾಗಿ ಕಂಡ ಮೂರ್ಖತನ. ಹೊರಡುವ ಒಂದೂವರೆ–ಎರಡು ಗಂಟೆ ಮೊದಲು ಇಡ್ಲಿಯೋ ಅವಲಕ್ಕಿಯೋ ಹದವಾಗಿ ತಿನ್ನಿ, ನೀರು ಕುಡಿಯಿರಿ. ಪೂರಿ, ಎಣ್ಣೆ ಬಜಿ ವಾಪಸ್ ಬಂದ ಮೇಲೆ. ರಾತ್ರಿ ಗುಂಡು ಹಾಕಿದವರಿಗೆ ನಾನು ಉಪದೇಶ ಮಾಡುವುದಿಲ್ಲ, ಆದರೆ ಬೆಳಗ್ಗೆ ಅಮಲು ಉಳಿದಿದ್ದರೆ ಅವರು ದಡದಲ್ಲಿ ಕೂತು ಹಾರ್ನ್‌ಬಿಲ್ ನೋಡಲಿ. ಕಾಳಿ ಕಣಿವೆಯಲ್ಲಿ ಅದಕ್ಕೇನೂ ಬರಗಾಲವಿಲ್ಲ.

ಈಜು ಬರಬೇಕಾ? ಇಷ್ಟು ಸಾಧಾರಣ ಮಟ್ಟದ ನೀರಿಗೆ ಬರಲೇಬೇಕೆಂದಿಲ್ಲ. ಆದರೆ ಮುಖಕ್ಕೆ ನೀರು ಬಡಿದರೆ ಗಾಬರಿಯಾಗದಷ್ಟು ರೂಢಿ ಬೇಕು. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿತ ಗಂಡಸರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬಾವಿಯ ನೀರು ನಿಂತ ನೀರು. ಇಲ್ಲಿ ಒಂದು ಘನ ಮೀಟರ್ ನೀರೆಂದರೆ ಒಂದು ಟನ್ ತೂಕ, ಅದು ಓಡುತ್ತಿದೆ. ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟು. ಟರ್ಬೈನನ್ನೇ ತಿರುಗಿಸಿದ ನೀರಿನ ಎದುರು ತೋಳಿನ ಬಲ ತೋರಿಸುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಒಂದೆರಡು ವಾರ ಮುಂಚೆ ಮಾಡಬಹುದಾದ್ದು ಇಷ್ಟೇ: ದಿನಾ ಸ್ವಲ್ಪ ನಡಿಗೆ, ಮೆಟ್ಟಿಲು ಹತ್ತುವುದು, ಸೊಂಟ ಮತ್ತು ಹೊಟ್ಟೆಗೆ ಒಂದಿಷ್ಟು ವ್ಯಾಯಾಮ. ಹುಟ್ಟು ಹಾಕುವುದು ತೋಳಿನ ಕೆಲಸದಂತೆ ಕಂಡರೂ ಬಳಲುವುದು ಸೊಂಟ.

ಬಟ್ಟೆಯ ವಿಷಯದಲ್ಲಿ ನನ್ನ ತಂಗಿಯ ಮಗಳೊಡನೆ ಪ್ರತಿ ಸಲ ಜಗಳ. ಜೀನ್ಸ್ ಹಾಕಿಕೊಂಡೇ ಬರುತ್ತಾಳೆ. ಒದ್ದೆ ಜೀನ್ಸ್ ಕಾಲಿಗೆ ಅಂಟಿ ಮಂಡಿ ಮಡಚಲು ಬಿಡುವುದಿಲ್ಲ, ಒಣಗುವುದೂ ಇಲ್ಲ. ಹತ್ತಿ ಬಟ್ಟೆ ನೀರು ಹಿಡಿದಿಟ್ಟು ಮೈಯ ಶಾಖ ಹೀರುತ್ತದೆ. ಕಾಳಿಯ ನೀರು ಜಲಾಶಯದ ಆಳದಿಂದ ಬರುವುದರಿಂದ ಬಿಸಿಲಿರುವ ದಿನವೂ ತಣ್ಣಗಿರುತ್ತದೆ, ಡಿಸೆಂಬರ್ ಬೆಳಗ್ಗೆ ಹಲ್ಲು ಕಡಿಸುತ್ತದೆ. ಆಟದ ಪ್ಯಾಂಟು, ಓಟಗಾರರು ಹಾಕುವ ತೆಳು ನೈಲಾನ್ ಅಂಗಿ, ಮೊಣಕೈ ಮುಚ್ಚುವ ತೋಳಿದ್ದರೆ ಇನ್ನೂ ಒಳ್ಳೆಯದು. ದುಪಟ್ಟಾ, ಸೀರೆ, ಉದ್ದ ಲಾಡಿ, ಹುಡ್ ಇರುವ ಜಾಕೆಟ್, ಯಾವುದೂ ಬೇಡ. ಜೋತಾಡುವ ಯಾವ ಬಟ್ಟೆಯನ್ನಾದರೂ ಕೊಂಬೆ ಹಿಡಿದುಕೊಳ್ಳುತ್ತದೆ.

ಮಂಗಳಸೂತ್ರ ತೆಗೆಯುವ ವಿಚಾರಕ್ಕೆ ದಡದಲ್ಲಿ ಪಂಚಾಯಿತಿ ನಡೆಯುವುದನ್ನು ಕಂಡಿದ್ದೇನೆ. ತೆಗೆಯಲು ಮನಸ್ಸಿಲ್ಲದವರು ಅದನ್ನು ಅಂಗಿಯ ಒಳಕ್ಕೆ ಹಾಕಿ ಮೇಲೆ ಜಾಕೆಟ್ ಬಿಗಿದರೂ ಸರಿ, ಹೊರಗೆ ಜೋತಾಡಬಾರದು. ಉಂಗುರ, ಬಳೆ, ಜುಮಕಿ ಮಾತ್ರ ರೂಮಿನಲ್ಲೇ ಬಿಡಿ. ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ತಾನಾಗಿ ಜಾರುತ್ತದೆ. ಕನ್ನಡಕ ಇದ್ದವರು ಕಿವಿಯ ಹಿಂದೆ ಒಂದು ದಾರ ಕಟ್ಟಿ, ಬಿಗಿಯಾಗಿ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್‌ವಾಸ್ ಶೂ. ಹವಾಯಿ ಚಪ್ಪಲಿ ಮೊದಲ ಅಲೆಗೇ ಮೌಳಂಗಿಯತ್ತ ಹೊರಟುಬಿಡುತ್ತದೆ, ಬರಿಗಾಲಿಗೆ ಕಲ್ಲು ಕಾದಿರುತ್ತದೆ. ಮೊಬೈಲ್ ದಡದಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಕೊರಳಿಗೆ ಹಾಕಿಕೊಂಡ ಮೊಬೈಲ್ ಉಳಿಯಬಹುದು, ಆದರೆ ಒಂದು ಕೈ ಅದರ ಮೇಲೇ ಇರುತ್ತದೆ. ಆ ಕೈ ಹುಟ್ಟಿನ ಮೇಲಿರಬೇಕು.

ಇಲ್ಲಿಂದ ಮುಂದೆ ಆ ಅರ್ಧ ಗಂಟೆ ಶುರು. ಜಾಕೆಟ್ ತೊಡಿಸುವುದರಿಂದ ಹಿಡಿದು ರಾಫ್ಟ್ ನೀರಿಗೆ ತಳ್ಳುವವರೆಗಿನ ಹೊತ್ತು. ಜನ ಸೆಲ್ಫಿ ತೆಗೆದುಕೊಳ್ಳುವುದೂ ಈ ಹೊತ್ತಿನಲ್ಲೇ. ಇಡೀ ಪ್ರವಾಸದಲ್ಲಿ ದುಡ್ಡಿಗೆ ತಕ್ಕ ಬೆಲೆ ಸಿಗುವ ಭಾಗ ಇದೇ ಎಂದರೆ ನಂಬುವುದಿಲ್ಲ.

ಜಾಕೆಟ್‌ನಿಂದ ಶುರುಮಾಡೋಣ. ತಲೆಯನ್ನು ನೀರಿನ ಮೇಲಿಡಲು ದೊಡ್ಡವರಿಗೆ ಬೇಕಾದ ಹೆಚ್ಚುವರಿ ಎತ್ತುವ ಬಲ 3ರಿಂದ 5 ಕೆಜಿಯಷ್ಟು. ನೊರೆನೀರಿನಲ್ಲಿ ಅದು ಸಾಲದು. ನೀರು ಬೆಳ್ಳಗೆ ಕಾಣುವುದೇ ಅದರೊಳಗೆ ಗಾಳಿಯ ಗುಳ್ಳೆ ತುಂಬಿರುವುದರಿಂದ. ಗಾಳಿ ಬೆರೆತ ನೀರು ಹಗುರ, ಹಗುರ ನೀರು ನಿಮ್ಮನ್ನು ಕಡಿಮೆ ಎತ್ತುತ್ತದೆ. ಅದಕ್ಕೇ ರಾಫ್ಟಿಂಗ್ ಜಾಕೆಟ್ ಕೊಳದ ಜಾಕೆಟ್‌ಗಿಂತ ದಪ್ಪ. ಆದರೆ ಎಷ್ಟು ದಪ್ಪವಿದ್ದರೇನು, ಸಡಿಲವಿದ್ದರೆ ಜಾಕೆಟ್ ತೇಲುತ್ತದೆ, ಒಳಗಿನ ಮನುಷ್ಯ ಕೆಳಗಿರುತ್ತಾನೆ. ಒಬ್ಬ ಗೈಡ್ ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಕೆಳಗಿನ ಬಕಲ್, ಆಮೇಲೆ ಮೇಲಿನದು. ಪ್ರತಿ ಪಟ್ಟಿಯನ್ನು ಎಳೆದ ಮೇಲೆ "ಉಸಿರು ಬಿಡ್ರಿ" ಎನ್ನುತ್ತಾನೆ, ಬಿಟ್ಟ ಮೇಲೆ ಇನ್ನೊಂದು ಸಲ ಎಳೆಯುತ್ತಾನೆ. ಹೊಟ್ಟೆ ಒಳಗೆಳೆದುಕೊಂಡು ನಿಂತ ಗಂಡಸರ ಗುಟ್ಟು ರಟ್ಟಾಗುವುದು ಅಲ್ಲೇ. ಉಳಿದ ಪಟ್ಟಿಯ ತುದಿಯನ್ನು ಜಾಕೆಟ್ಟಿನೊಳಗೆ ಸಿಕ್ಕಿಸುತ್ತಾನೆ, ಎಲ್ಲೂ ಕುಣಿಕೆ ಬಿಡುವುದಿಲ್ಲ. ಕೊನೆಗೆ ಎದುರು ನಿಂತು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗುತ್ತಾನೆ. ಜಾಕೆಟ್ ಗಲ್ಲ ದಾಟಿ ಕಿವಿಯತ್ತ ಬಂದರೆ ಮತ್ತೆ ಮೊದಲಿನಿಂದ. ಅಷ್ಟು ತಾಳ್ಮೆ ಎಲ್ಲ ಗೈಡ್‌ಗಳಿಗೂ ಇರುವುದಿಲ್ಲ. ಆಗ ಪಕ್ಕದವರಿಗೆ ನೀವು ಜಗ್ಗಿ ನೋಡಿ, ನಿಮಗೆ ಅವರು ಜಗ್ಗಲಿ. ಹೆಲ್ಮೆಟ್ ಹಣೆ ಮುಚ್ಚಬೇಕು. ತಲೆ ಅಲ್ಲಾಡಿಸಿದರೆ ತಲೆಯ ಜೊತೆಗೇ ಅಲ್ಲಾಡಬೇಕು. ಫೋಟೊದಲ್ಲಿ ಹಣೆ ಕಾಣಲೆಂದು ಹಿಂದಕ್ಕೆ ಸರಿಸಿದ ಹೆಲ್ಮೆಟ್ ಕಲ್ಲಿಗೆ ತೋರಿಸುವುದು ಹಣೆಯನ್ನೇ.

ಆಮೇಲೆ ಹುಟ್ಟು. ಅದರ ಮೇಲ್ತುದಿಯಲ್ಲಿ ಅಡ್ಡ ಹಿಡಿ ಇದೆ. ಒಂದು ಕೈ ಯಾವಾಗಲೂ ಅದರ ಮೇಲೆ ಮುಚ್ಚಿರಬೇಕು. ಆ ಹಿಡಿತ ಬಿಟ್ಟರೆ ಅಲೆ ಬಡಿದಾಗ ಅದೇ ಹಿಡಿ ಪಕ್ಕದವರ ಹಲ್ಲಿಗೆ ಹೋಗುತ್ತದೆ. ರಾಫ್ಟಿಂಗ್‌ನಲ್ಲಿ ಆಗುವ ಸಣ್ಣಪುಟ್ಟ ಗಾಯಗಳಿಗೆ ನೀರಿಗಿಂತ ಪಕ್ಕದವರ ಹುಟ್ಟೇ ಹೆಚ್ಚು ಕಾರಣವೆಂದು ಗೈಡ್‌ಗಳು ಹೇಳುತ್ತಾರೆ, ನಾನು ಕಂಡದ್ದೂ ಹಾಗೆಯೇ. ಕೂರುವುದು ರಾಫ್ಟಿನ ಅಂಚಿನ ಉಬ್ಬಿದ ಕೊಳವೆಯ ಮೇಲೆ, ಒಳಗಲ್ಲ. ಪಾದವನ್ನು ನಡುವಿನ ಅಡ್ಡ ಕೊಳವೆಯ ಕೆಳಗೆ ಒತ್ತಿ ಸಿಕ್ಕಿಸಬೇಕು, ಆದರೆ ಬಿದ್ದರೆ ಸಲೀಸಾಗಿ ಬಿಡಿಸಿಕೊಳ್ಳುವಷ್ಟೇ. ಮೈಯನ್ನು ಯಾವ ಹಗ್ಗಕ್ಕೂ ಕಟ್ಟಿಕೊಳ್ಳಬಾರದು. ರಾಫ್ಟ್ ತೂತಾದರೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ಹೊರಗಿನ ಕೊಳವೆ ಒಳಗೊಳಗೇ ಬೇರೆ ಬೇರೆ ಕೋಣೆಗಳಾಗಿ ಭಾಗವಾಗಿರುತ್ತದೆ, ಒಂದು ತೂತಾದರೆ ಉಳಿದವು ತೇಲಿಸುತ್ತವೆ. ಆ ಚಿಂತೆ ಬಿಡಿ.

ಆಜ್ಞೆಗಳು ಎಲ್ಲ ಕಡೆ ಇಂಗ್ಲಿಷಿನಲ್ಲೇ. ಗೈಡ್‌ಗಳಲ್ಲಿ ಜೋಯಿಡಾ–ದಾಂಡೇಲಿಯ ಹುಡುಗರೂ ಇದ್ದಾರೆ, ನೇಪಾಳದಿಂದ ಬಂದವರೂ ಇದ್ದಾರೆ, ಪ್ರವಾಸಿಗರು ಹತ್ತು ಭಾಷೆಯವರು. ಫಾರ್ವರ್ಡ್ ಎಂದರೆ ಎಲ್ಲರೂ ಮುಂದಕ್ಕೆ, ಬ್ಯಾಕ್ ಎಂದರೆ ಹಿಂದಕ್ಕೆ, ಸ್ಟಾಪ್ ಎಂದರೆ ಹುಟ್ಟು ಎತ್ತಿ ಮಡಿಲಿಗೆ. ಲೆಫ್ಟ್ ಬ್ಯಾಕ್ ಎಂದಾಗ ಎಡಗಡೆಯವರು ಹಿಂದಕ್ಕೆ, ಬಲಗಡೆಯವರು ಮುಂದಕ್ಕೆ. ಗೆಟ್ ಡೌನ್ ಎಂದರೆ ಅಂಚಿನಿಂದ ಇಳಿದು ರಾಫ್ಟಿನೊಳಗೆ ಕುಕ್ಕರುಗಾಲಲ್ಲಿ ಕೂತು ಒಂದು ಕೈಲಿ ಹಗ್ಗ, ಇನ್ನೊಂದರಲ್ಲಿ ಹುಟ್ಟು. ಹೈ ಸೈಡ್ ಎಂದು ಕೂಗಿದರೆ ರಾಫ್ಟ್ ಕಲ್ಲಿಗೆ ಅಡ್ಡವಾಗಿ ಏರುತ್ತಿದೆ ಎಂದರ್ಥ. ಏಳುತ್ತಿರುವ ಬದಿಗೆ ಎಲ್ಲರೂ ಎಗರಿ ಭಾರ ಹಾಕಬೇಕು. ಭಯಕ್ಕೆ ಮನುಷ್ಯ ಕೆಳಗಿನ ಬದಿಗೇ ಜಾರುತ್ತಾನೆ, ರಾಫ್ಟ್ ಮಗುಚುವುದು ಹಾಗೆ. ಒಳ್ಳೆಯ ಗೈಡ್ ಇವನ್ನೆಲ್ಲ ನೆಲದ ಮೇಲಿಟ್ಟ ರಾಫ್ಟಿನಲ್ಲಿ ಕೂರಿಸಿ ಮಾಡಿಸುತ್ತಾನೆ, ಆಮೇಲೆ ಶಾಂತ ನೀರಿನಲ್ಲಿ ಇನ್ನೊಮ್ಮೆ. ನಗು ಬರುತ್ತದೆ, ಬರಲಿ. ಮುಂದೆ ಕೂತ ಇಬ್ಬರು ಒಂದೇ ಲಯದಲ್ಲಿ ಹುಟ್ಟು ಹಾಕಿದರೆ ಹಿಂದಿನವರು ಅವರನ್ನು ನೋಡಿ ಹಾಕುತ್ತಾರೆ. ಹಾಗಾಗಿ ಮುಂದೆ ಕೂರುವುದು ಧೈರ್ಯಕ್ಕಿಂತ ಹೆಚ್ಚಾಗಿ ಕಿವಿ ಚುರುಕಾಗಿರುವವರ ಕೆಲಸ.

ಬಿದ್ದರೆ ಏನು ಎಂಬುದಕ್ಕೆ ಬರುತ್ತೇನೆ. ತಣ್ಣೀರಿಗೆ ಬಿದ್ದ ಕ್ಷಣ ಮೈ ತಾನಾಗಿ ಜೋರಾಗಿ ಉಸಿರೆಳೆಯುತ್ತದೆ. ಅದು ಹೆದರಿಕೆಯಲ್ಲ, ಚರ್ಮಕ್ಕೆ ಚಳಿ ತಾಗಿದ್ದಕ್ಕೆ ದೇಹದ ಪ್ರತಿಕ್ರಿಯೆ. ಒಂದು ನಿಮಿಷದೊಳಗೆ ಇಳಿಯುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿ, ಅಲೆಗಳ ನಡುವಿನ ತಗ್ಗಿನಲ್ಲಿ ಉಸಿರಾಡಿ. ರಾಫ್ಟಿನ ಸುತ್ತ ಕಟ್ಟಿದ ಹಗ್ಗ ಕೈಗೆಟುಕಿದರೆ ಹಿಡಿಯಿರಿ. ಎಟುಕದಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಕಡೆಗೆ ಚಾಚಿ, ಮಂಡಿ ಸ್ವಲ್ಪ ಮಡಚಿ, ಕಾಲ್ಬೆರಳ ತುದಿ ನೀರಿನ ಮೇಲೆ ನಿಮಗೆ ಕಾಣುವಂತೆ. ಕಲ್ಲು ಬಂದರೆ ಪಾದದಿಂದ ತಳ್ಳಿಕೊಳ್ಳಬಹುದು.

ಒಂದು ಕೆಲಸ ಮಾತ್ರ ಮಾಡಬಾರದು, ಎದ್ದು ನಿಲ್ಲಬಾರದು. ಸೊಂಟದುದ್ದ ನೀರು, ನೆಲ ಸಿಗುತ್ತಿದೆ, ನಿಂತರೆ ಮುಗಿಯಿತಲ್ಲ ಎಂದು ಮನಸ್ಸು ಹೇಳುತ್ತದೆ. ನದಿಯ ತಳದಲ್ಲಿ ಕಲ್ಲುಗಳ ನಡುವೆ ಸಂದುಗಳಿವೆ. ನಿಲ್ಲಲು ಊರಿದ ಪಾದ ಸಂದಿಗೆ ಇಳಿಯುತ್ತದೆ, ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಪಾದ ಬರುವುದಿಲ್ಲ, ಮೈ ಏಳುವುದಿಲ್ಲ. ಜಾಕೆಟ್ ಇದ್ದರೂ, ಈಜು ಬಂದರೂ, ಸೊಂಟದಷ್ಟೇ ನೀರಿದ್ದರೂ ಇದು ಜೀವ ತೆಗೆಯಬಲ್ಲದು. ನೀರು ಮಂಡಿಗಿಂತ ಕೆಳಗಿಳಿದು, ಹರಿವು ನಿಧಾನವಾದ ಮೇಲೆಯೇ ನಿಲ್ಲಬೇಕು. ಮಕ್ಕಳಿಗಂತೂ ಇದನ್ನು ಬಾಯಿಪಾಠ ಮಾಡಿಸಿ.

ಅಂಗಾತ ತೇಲುವ ನಿಯಮಕ್ಕೆ ಒಂದು ಅಪವಾದವಿದೆ, ಅದು ಕಾಳಿಗೆ ಮುಖ್ಯ. ಇಲ್ಲಿ ನಡುಗಡ್ಡೆಗಳು ಬಹಳ, ಅವುಗಳ ಅಂಚಿನ ಗಿಡಮರಗಳ ಬೇರು, ಕೊಂಬೆ ನೀರಿಗೆ ಬಾಗಿರುತ್ತವೆ. ಕೊಂಬೆಗಳ ನಡುವೆ ನೀರು ಸೋಸಿಹೋಗುತ್ತದೆ, ಮನುಷ್ಯ ಹೋಗಲಾರ. ಹಾಗೆ ಕಂಡರೆ ಕವುಚಿಕೊಂಡು ಓರೆಯಾಗಿ ಜೋರಾಗಿ ಈಜಿ ತಪ್ಪಿಸಿಕೊಳ್ಳಬೇಕು. ತಪ್ಪಿಸಲಾಗದಿದ್ದರೆ ತಲೆ ಮುಂದಾಗಿ ಅದರ ಮೇಲಕ್ಕೆ ಹತ್ತಬೇಕು, ಕಾಲು ಮುಂದಾಗಿ ಅದರ ಕೆಳಗೆ ಹೋಗಬಾರದು.

ಗೈಡ್ "ರೋಪ್" ಎಂದು ಕೂಗಿ ಚೀಲ ಎಸೆಯುತ್ತಾನೆ. ಅದರಿಂದ 15–20 ಮೀಟರ್ ತೇಲುವ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಿಡಿಯಬೇಕಾದ್ದು ಹಗ್ಗ, ಚೀಲವಲ್ಲ. ಚೀಲದೊಳಗೆ ಇನ್ನೂ ಹಗ್ಗ ಉಳಿದಿದ್ದರೆ ಅದು ಬಿಚ್ಚುತ್ತಾ ನೀವು ಕೆಳಕ್ಕೆ ಹೋಗುತ್ತಲೇ ಇರುತ್ತೀರಿ. ಹಗ್ಗವನ್ನು ಎದೆಗೆ ಒತ್ತಿ, ಒಂದು ಭುಜದ ಮೇಲಿಂದ ಹಾಯಿಸಿ, ಅಂಗಾತವಾಗಿಯೇ ಇರಿ. ಎಳೆಯುವವನ ಕಡೆ ಮುಖ ಮಾಡಿದರೆ ನೀರೆಲ್ಲ ಬಾಯಿಗೆ. ಮುಂಗೈಗೆ ಸುತ್ತಿಕೊಳ್ಳಬೇಡಿ, ಬಿಡಬೇಕಾದಾಗ ಬಿಡಲು ಆಗುವುದಿಲ್ಲ. ರಾಫ್ಟೇ ಮಗುಚಿ ನೀವು ಅದರ ಅಡಿಗೆ ಸಿಕ್ಕರೆ ಅಲ್ಲಿ ಸ್ವಲ್ಪ ಗಾಳಿ ಇರುತ್ತದೆ. ಅಂಗೈ ಮೇಲಕ್ಕೊತ್ತಿ ಒಂದೇ ದಿಕ್ಕಿಗೆ ಕೈ ನಡೆಸುತ್ತಾ ಹೊರಗೆ ಬನ್ನಿ, ದಿಕ್ಕು ಬದಲಿಸಬೇಡಿ. ಬಿದ್ದವರನ್ನು ಮೇಲೆಳೆಯುವವರು ಕೈ ಹಿಡಿದು ಜಗ್ಗಬಾರದು. ಭುಜದ ಎರಡೂ ಪಟ್ಟಿ ಹಿಡಿದು, ಮಂಡಿಯನ್ನು ಅಂಚಿಗೆ ಒತ್ತಿ, ಒಮ್ಮೆ ಕೆಳಕ್ಕದ್ದಿ, ಪುಟಿದಾಗ ನೀವೇ ಹಿಂದಕ್ಕೆ ಬಿದ್ದುಬಿಡಿ. ನಲವತ್ತು ಕೆಜಿಯ ಹುಡುಗಿ ಎಂಬತ್ತು ಕೆಜಿಯ ಗಂಡಸನ್ನು ಹಾಗೆ ಒಳಗೆ ಎಳೆದುಹಾಕಿದ್ದನ್ನು ದಡದಿಂದ ನೋಡಿ ಚಪ್ಪಾಳೆ ತಟ್ಟಿದ್ದೇನೆ.

ಮಕ್ಕಳು, ಮುದುಕರ ಬಗ್ಗೆ ಕೇಳುತ್ತಾರೆ. ಬಹಳ ಕಡೆ ಹದಿನಾಲ್ಕು ವರ್ಷಕ್ಕಿಂತ ಚಿಕ್ಕವರನ್ನು ಪೂರ್ತಿ ದೂರದ ರಾಫ್ಟಿಂಗಿಗೆ ಹತ್ತಿಸುವುದಿಲ್ಲ. ನಿಯಮ ಬಿಡಿ, ಜಾಕೆಟ್ ಮೈಗೆ ಸರಿಯಾಗಿ ಕೂರದ ಮಗುವನ್ನು ಯಾವ ವಯಸ್ಸಾದರೂ ಕಳಿಸಬಾರದು. ಅವರಿಗೆ ಮೌಳಂಗಿಯ ಬಳಿ ಶಾಂತ ನೀರಿನಲ್ಲಿ ಸಣ್ಣ ಸುತ್ತು ಸಿಗುತ್ತದೆ, ಅಜ್ಜಿಯೂ ಬರಬಹುದು. ಮೊಸಳೆಯ ಪ್ರಶ್ನೆಯೂ ಬರುತ್ತದೆ. ಮೊಸಳೆ ಇರುವುದು ನಿಜ, ದಾಂಡೇಲಿ ಪಟ್ಟಣದ ಸುತ್ತಿನ ನಿಧಾನ ನೀರಿನಲ್ಲಿ ಬಿಸಿಲು ಕಾಯುತ್ತಾ ಮಲಗಿರುತ್ತವೆ. ರಾಫ್ಟಿಂಗ್ ಮುಗಿಸಿದ ಹುಮ್ಮಸ್ಸಿನಲ್ಲಿ ಸಂಜೆ ಊರ ಹತ್ತಿರ ಸಿಕ್ಕ ಕಡೆ ಈಜಲು ಇಳಿಯಬೇಡಿ, ಅಷ್ಟೇ.

ಕೊನೆಯದಾಗಿ, ಫೋನಿನಲ್ಲಿ ಹೇಳಿದರೂ ಯಾರೂ ಬರೆದುಕೊಳ್ಳದ ಒಂದು ವಿಷಯ. ನೀವು ಹತ್ತುವುದು ಗಣೇಶಗುಡಿಯಲ್ಲಿ, ಇಳಿಯುವುದು ಮೌಳಂಗಿಯಲ್ಲಿ. ಕಾರು, ಒಣ ಬಟ್ಟೆ, ಟವೆಲ್, ಕನ್ನಡಕದ ಡಬ್ಬಿ, ಬಿಪಿ ಗುಳಿಗೆ ಎಲ್ಲ ಮೇಲೇ ಉಳಿದರೆ ಕೆಳಗೆ ಒದ್ದೆ ಮೈಯಲ್ಲಿ ಜೀಪಿಗೆ ಕಾಯುತ್ತಾ ಚಳಿ ಹಿಡಿಯುತ್ತದೆ. ಒಣ ಬಟ್ಟೆಯ ಚೀಲವನ್ನು ಕೆಳಗೆ ಹೋಗುವ ಜೀಪಿನಲ್ಲಿ ಹಾಕಿಸಿ, ಹಾಕಿದ್ದನ್ನು ಕಣ್ಣಾರೆ ನೋಡಿ. ಕಾರಿನ ಕೀಲಿಯನ್ನು ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡು ರಾಫ್ಟ್ ಹತ್ತಬೇಡಿ. ಅದನ್ನು ದಡದಲ್ಲಿ ಉಳಿಯುವ ಒಬ್ಬರ ಕೈಗೆ ಕೊಡಿ. ಗುಂಪಿನಲ್ಲಿ ನೀರಿಗೆ ಹೆದರಿ ಹಿಂದುಳಿದ ಒಬ್ಬರು ಇದ್ದೇ ಇರುತ್ತಾರೆ, ಮೌಳಂಗಿಯಲ್ಲಿ ಕಾರು ತಂದು ನಿಲ್ಲಿಸಿ ಚಹಾ ಹೇಳಿರುವುದೂ ಅವರೇ.